ಗುರುವಿನ ನೆನಪು, ಶಿಷ್ಯನ ನಗೆ

ಕಾಲೇಜನ್ನು ಬಿಟ್ಟು ಮೂವತ್ತು ವರ್ಷ ಕಳೆದ ಮೇಲೆ ಹಳೆಯ ಸಹಪಾಠಿಗಳಿಬ್ಬರು ಒಂದೆಡೆ ಸೇರಿದರೆ ಅವರ ಮಾತು ಎತ್ತ ಹರಿಯುವುದೆಂದು ಊಹಿಸುವುದು ಕಷ್ಟವಲ್ಲ. ಮಕ್ಕಳ ಕ್ಷೇಮಸಮಾಚಾರ ಮುಗಿಯುವುದೇ ತಡ, ವಿದ್ಯಾರ್ಥಿನಿಲಯದ ನೀರುಸಾರು, ಅಡುಗೆಯ ಭಟ್ಟರ ಸಿಡುಕು, ದೀಪವಾರಿದ ಮೇಲೆ ನಡೆದ ಹರಟೆ ಇವೆಲ್ಲ ಒಂದೊಂದಾಗಿ ಬರುತ್ತವೆ. ಅವುಗಳ ಬೆನ್ನಿಗೇ ಪ್ರೊಫೆಸರುಗಳೂ ಬರುತ್ತಾರೆ. ಒಬ್ಬರು ಬಿಸಿಲಿನಲ್ಲಿ ಕೊಡೆಯನ್ನು ಮಡಿಸಿ ಹಿಡಿದು ನೆರಳಿಗೆ ಬಂದೊಡನೆ ಬಿಚ್ಚುತ್ತಿದ್ದವರು. ಇನ್ನೊಬ್ಬರು ಕನ್ನಡಕವನ್ನು ಹಣೆಯ ಮೇಲಿಟ್ಟುಕೊಂಡು ಮೇಜಿನ ಮೇಲೆಲ್ಲ ತಡಕುತ್ತಿದ್ದವರು. ಮತ್ತೊಬ್ಬರು ಗಂಟೆ ಹೊಡೆದುದನ್ನು ಅರಿಯದೆ ಬರಿದಾದ ಬೆಂಚುಗಳಿಗೆ ಪಾಠ ಹೇಳುತ್ತಿದ್ದವರು. ನಕ್ಕು ನಕ್ಕು ಇಬ್ಬರ ಕಣ್ಣಿನಲ್ಲಿಯೂ ನೀರು ತುಂಬುತ್ತದೆ. ಆಗ ಪಕ್ಕದಲ್ಲಿ ಕುಳಿತ ಮಗನು, "ಅಪ್ಪಾ, ಅವರು ನಿಮಗೆ ಏನು ಪಾಠ ಹೇಳಿದರು?" ಎಂದು ಕೇಳಿದನೆನ್ನಿ. ಇಬ್ಬರೂ ಒಂದು ಕ್ಷಣ ಸುಮ್ಮನಾಗುತ್ತಾರೆ.

ಆ ಮೌನದಲ್ಲಿ ಒಂದು ಧರ್ಮಪ್ರಶ್ನೆ ಅಡಗಿದೆ. ಜೀವಮಾನವನ್ನೆಲ್ಲ ವಿದ್ಯೆಗಾಗಿ ತೆತ್ತ ಒಬ್ಬ ಮನುಷ್ಯನಿಂದ ಶಿಷ್ಯನು ಉಳಿಸಿಕೊಂಡುದು ಒಂದು ಕೊಡೆ ಮತ್ತು ಒಂದು ಕನ್ನಡಕ ಮಾತ್ರವಾದರೆ, ಅದು ಕೃತಜ್ಞತೆಯೋ ಕೃತಘ್ನತೆಯೋ? ಸತ್ತವನು ತನ್ನ ಪರವಾಗಿ ವಾದಿಸಲಾರನು. ಅವನ ಕೀರ್ತಿಯು ಬದುಕಿರುವವರ ನಾಲಿಗೆಯ ಮೇಲಿಟ್ಟ ನ್ಯಾಸ. ನ್ಯಾಸವನ್ನು ಇಟ್ಟುಕೊಂಡವರಿಗೆ ಅದನ್ನು ಇಷ್ಟ ಬಂದಂತೆ ಖರ್ಚು ಮಾಡುವ ಅಧಿಕಾರವುಂಟೆ?

ಗುರುವಿನ ವಿಷಯದಲ್ಲಿ ನಗೆಯೇ ಸಲ್ಲದು, ಅವನ ಕುಂದನ್ನು ಕಾಣುವುದೇ ಪಾಪ ಎನ್ನುವವರಿದ್ದಾರೆ. ಈ ಅಭಿಪ್ರಾಯಕ್ಕೆ ಪರಂಪರೆಯ ಬೆಂಬಲವಿದೆಯೆಂದು ಅವರು ತಿಳಿಯುತ್ತಾರೆ. ಆದರೆ ತೈತ್ತಿರೀಯೋಪನಿಷತ್ತಿನ ಶಿಕ್ಷಾವಲ್ಲಿಯಲ್ಲಿ ಅಧ್ಯಯನವನ್ನು ಮುಗಿಸಿ ಹೊರಟು ನಿಂತ ಶಿಷ್ಯನಿಗೆ ಆಚಾರ್ಯನು ಹೇಳುವ ಬುದ್ಧಿವಾದವನ್ನು ನೋಡಿದರೆ ಬೇರೆಯ ಅರ್ಥವೇ ಹೊಳೆಯುತ್ತದೆ. ತಾಯಿತಂದೆಗಳನ್ನೂ ಆಚಾರ್ಯನನ್ನೂ ದೇವರಂತೆ ಕಾಣಬೇಕೆಂದು ಹೇಳುವ ಆ ಆಚಾರ್ಯನೇ, ತಮ್ಮಲ್ಲಿ ಯಾವುದು ಒಳ್ಳೆಯ ನಡತೆಯೋ ಅದನ್ನು ಮಾತ್ರ ಅನುಸರಿಸತಕ್ಕದ್ದು, ಉಳಿದುದನ್ನಲ್ಲ ಎಂದೂ ಎಚ್ಚರಿಸುತ್ತಾನೆ. ಉಳಿದುದು ಎಂಬುದೊಂದು ತನ್ನಲ್ಲಿ ಇದೆಯೆಂದು ಅವನು ಮರೆಮಾಚಲಿಲ್ಲ. ಹಲವು ವರ್ಷ ಒಂದೇ ಸೂರಿನಡಿಯಲ್ಲಿ ವಾಸಿಸಿದ ಶಿಷ್ಯನಿಗೆ ಗುರುವಿನ ಗೊರಕೆಯೂ ಗೊತ್ತು, ಕೋಪವೂ ಗೊತ್ತು. ಆಚಾರ್ಯನು ಕೇಳಿಕೊಂಡುದು ಕುರುಡುತನವನ್ನಲ್ಲ, ವಿವೇಕವನ್ನು. ಆದುದರಿಂದ ಕಂಡುದು ತಪ್ಪಲ್ಲ. ಕಂಡುದನ್ನು ಏನು ಮಾಡಿದನೆಂಬುದೇ ಪ್ರಶ್ನೆ.

ಇನ್ನು ನೆನಪಿನ ಸ್ವಭಾವವನ್ನೂ ಸ್ವಲ್ಪ ವಿಚಾರಿಸಬೇಕು. ಚೆನ್ನಾಗಿ ಕಲಿತ ಪಾಠವು ನೆನಪಾಗಿ ಉಳಿಯುವುದಿಲ್ಲ; ಅದು ಶಕ್ತಿಯಾಗಿ ಮಾರ್ಪಡುತ್ತದೆ. ಓದಬಲ್ಲವನಿಗೆ ಮೊದಲ ಅಕ್ಷರವನ್ನು ತಿದ್ದಿದ ದಿನ ನೆನಪಿಲ್ಲ. ಈಜಬಲ್ಲವನಿಗೆ ಬೆನ್ನಿಗೆ ಕಟ್ಟಿದ ಸೋರೆಬುರುಡೆ ಕಳಚಿದ ಗಳಿಗೆ ನೆನಪಿಲ್ಲ. ಉಂಡ ಅನ್ನವು ರಕ್ತವಾದ ಮೇಲೆ ಅನ್ನವಾಗಿ ಕಾಣದಷ್ಟೆ. ಅಂತೆಯೇ ಒಂದು ವಾಕ್ಯವನ್ನು ಅನುಮಾನಿಸಿ ಓದುವ ಅಭ್ಯಾಸ, ಲೆಕ್ಕವನ್ನು ಎರಡನೆಯ ಸಲ ಪರೀಕ್ಷಿಸುವ ಚಾಳಿ, ಎದುರಾಳಿಯ ಮಾತನ್ನು ಕೊನೆಯವರೆಗೆ ಕೇಳುವ ತಾಳ್ಮೆ ಇವು ಎಲ್ಲಿಂದ ಬಂದುವೆಂದು ಶಿಷ್ಯನಿಗೆ ತಿಳಿಯದು. ಅವು ತನ್ನವೇ ಎಂದು ಅವನು ಭಾವಿಸುತ್ತಾನೆ. ಜೀರ್ಣವಾಗದೆ ಉಳಿದುದು ಕೊಡೆಯೊಂದೇ. ಅದೊಂದೇ ಗುರುವಿನ ಹೆಸರಿನಲ್ಲಿ ನಿಂತಿದೆ. ಹೀಗೆ ನೋಡಿದರೆ ಆ ಇಬ್ಬರು ಗೆಳೆಯರ ಮೌನವು ಕೃತಘ್ನತೆಯ ಗುರುತಾಗಿರಲೇಬೇಕೆಂದಿಲ್ಲ.

ಹಾಗೆಂದು ಪ್ರಶ್ನೆ ಮುಗಿಯಲಿಲ್ಲ. ನೆನಪಿನಲ್ಲಿ ಉಳಿಯುವುದು ಮನುಷ್ಯನ ಕೈಯಲ್ಲಿಲ್ಲದಿರಬಹುದು. ಆದರೆ ಹೇಳುವುದು ಅವನ ಕೈಯಲ್ಲಿದೆ. ಬೆಸ್ಕಿ ಎಂಬ ಇಟಲಿಯ ಪಾದ್ರಿಯು ಹದಿನೆಂಟನೆಯ ಶತಮಾನದಲ್ಲಿ ತಮಿಳಿನಲ್ಲಿ ಬರೆದ ಪರಮಾರ್ಥ ಗುರುವಿನ ಕಥೆಯನ್ನು ಕೇಳಿ ಕನ್ನಡನಾಡಿನ ಮಕ್ಕಳೂ ನಕ್ಕಿದ್ದಾರೆ. ಆ ನಗೆಯಿಂದ ಯಾರಿಗೂ ಕೇಡಿಲ್ಲ. ಏಕೆಂದರೆ ಪರಮಾರ್ಥನೆಂಬವನು ಎಲ್ಲಿಯೂ ಇರಲಿಲ್ಲ. ಕಥೆಯ ತಲೆಗೆ ಬದುಕಿದ್ದವನೊಬ್ಬನ ಹೆಸರನ್ನು ಕಟ್ಟಿದಾಗಲೇ ಧರ್ಮಸಂಕಟ ಹುಟ್ಟುವುದು.

ಇದಕ್ಕೆ ಆಕ್ಸ್‌ಫರ್ಡಿನ ವಿಲಿಯಂ ಆರ್ಚಿಬಾಲ್ಡ್ ಸ್ಪೂನರರ (1844-1930) ಚರಿತ್ರೆಗಿಂತ ತಕ್ಕ ನಿದರ್ಶನ ಸಿಕ್ಕುವುದು ಕಷ್ಟ. ಅವರು 1862ರಲ್ಲಿ ಅಲ್ಲಿನ ನ್ಯೂ ಕಾಲೇಜಿಗೆ ವಿದ್ಯಾರ್ಥಿಯಾಗಿ ಸೇರಿ, 1867ರಲ್ಲಿ ಫೆಲೋ ಆಗಿ, 1903ರಿಂದ 1924ರವರೆಗೆ ಅದರ ವಾರ್ಡನ್ ಪದವಿಯಲ್ಲಿದ್ದು ಅರುವತ್ತು ವರ್ಷಗಳ ಆಯುಸ್ಸನ್ನು ಆ ಒಂದು ಸಂಸ್ಥೆಗೆ ಸವೆಸಿದರು. ಪ್ರಾಚೀನ ಇತಿಹಾಸ, ದೇವತಾಶಾಸ್ತ್ರ, ತತ್ತ್ವಶಾಸ್ತ್ರಗಳನ್ನು ಪಾಠ ಹೇಳಿದರು. ಹುಟ್ಟಿನಿಂದಲೇ ಅವರ ಶರೀರಕ್ಕೆ ಬಣ್ಣವಿರಲಿಲ್ಲ. ಕೂದಲು ಬೆಳ್ಳಗೆ, ದೃಷ್ಟಿ ಮಂದ, ಆಳು ಗಿಡ್ಡ. ಮಾತನಾಡುವಾಗ ಒಮ್ಮೊಮ್ಮೆ ಎರಡು ಶಬ್ದಗಳ ಮೊದಲಕ್ಷರಗಳು ಅದಲುಬದಲಾಗುತ್ತಿದ್ದುವಂತೆ: "ಹಾಲು ಕುಡಿ" ಎನ್ನಬೇಕಾದವನು "ಕಾಲು ಹುಡಿ" ಎಂದಂತೆ. ವಿದ್ಯಾರ್ಥಿಗಳಿಗೆ ಅಷ್ಟೇ ಸಾಕಾಯಿತು. ರಾತ್ರಿಯ ಹರಟೆಯಲ್ಲಿ ಅವರು ಹೊಸಹೊಸ ತಪ್ಪುಗಳನ್ನು ತಾವೇ ಹೊಸೆದು ಗುರುವಿನ ಬಾಯಿಗೆ ತುರುಕಿದರು. ಇಂದು ಅವರ ಹೆಸರಿನಲ್ಲಿ ಓಡಾಡುವ ಮಾತುಗಳಲ್ಲಿ ಬಹುತೇಕ ಎಲ್ಲವೂ ಕಟ್ಟುಕಥೆಗಳೆಂದು ವಿಮರ್ಶಕರು ತಿಳಿಯುತ್ತಾರೆ. ಆದರೂ ಇಂಗ್ಲಿಷ್ ನಿಘಂಟು ಆ ನಾಲಿಗೆಯ ತಪ್ಪಿಗೆ ಅವರ ಹೆಸರನ್ನೇ ಶಾಶ್ವತವಾಗಿ ಅಂಟಿಸಿತು.

ಅದೇ ಕಾಲೇಜಿನ ವಾರ್ಡನ್ನರಾಗಿದ್ದ ವಿಲಿಯಂ ಹೇಟರರು 1977ರಲ್ಲಿ ಸ್ಪೂನರರ ಜೀವನಚರಿತ್ರೆಯನ್ನು ಬರೆದರು. ಮನುಷ್ಯನು ತೀರಿಹೋಗಿ ನಲವತ್ತೇಳು ವರ್ಷಗಳಾದ ಮೇಲೆ ಅವನ ಪೂರ್ಣರೂಪವನ್ನು ಒಬ್ಬನು ಹುಡುಕಿ ತೆಗೆಯಬೇಕಾಯಿತು. ಇಲ್ಲಿ ಯಾವ ಶಿಷ್ಯನಿಗೂ ದ್ವೇಷವಿರಲಿಲ್ಲ. ಎಲ್ಲರೂ ಪ್ರೀತಿಯಿಂದಲೇ ನಕ್ಕರೆಂದು ಇಟ್ಟುಕೊಳ್ಳೋಣವೆಂದರೂ, ಫಲ ಮಾತ್ರ ಅನ್ಯಾಯವಾಯಿತು. ಒಬ್ಬೊಬ್ಬನು ಒಂದೊಂದು ಹಿಡಿ ಮಣ್ಣು ಹಾಕಿದರೂ ಬಾವಿ ಮುಚ್ಚಿಹೋಗುವುದು. ಇದರಿಂದ ಮೊದಲನೆಯ ನಿಯಮವೊಂದು ದೊರಕುತ್ತದೆ: ನಗುವವನು ಸತ್ಯಕ್ಕೆ ಬದ್ಧನಾಗಿರಬೇಕು. ಸಭೆಯು ನಕ್ಕಿತೆಂಬ ಉತ್ಸಾಹದಲ್ಲಿ ಸೇರಿಸಿದ ಒಂದು ಗೆರೆಯು, ಚಾರಿತ್ರ್ಯದ ಮೇಲೆ ಎಳೆದ ಗೆರೆಯೂ ಆಗುತ್ತದೆ. ಎರಡನೆಯ ನಿಯಮವೂ ಇಲ್ಲಿಯೇ ಇದೆ: ಮಂದದೃಷ್ಟಿ, ತೊದಲು, ಮುಪ್ಪಿನ ಮರೆವು ಇವು ವಿಲಕ್ಷಣತೆಗಳಲ್ಲ, ದೇಹದ ಕಷ್ಟಗಳು. ಕಷ್ಟವನ್ನು ಚೇಷ್ಟೆಯೆಂದು ಎಣಿಸುವುದು ತರುಣರ ಅಜ್ಞಾನವಾದರೆ ಕ್ಷಮ್ಯ. ತನಗೇ ಮುಪ್ಪು ಬಂದ ಮೇಲೂ ಹಾಗೆಯೇ ಹೇಳುತ್ತಿದ್ದರೆ ಕ್ಷಮ್ಯವಲ್ಲ.

ದೇಹದ ಕಷ್ಟದಿಂದಲ್ಲದೆ ಮನಸ್ಸಿನ ಒತ್ತಡದಿಂದ ಹುಟ್ಟುವ ವಿಲಕ್ಷಣತೆಯೂ ಉಂಟು. ಕೇಂಬ್ರಿಜ್ಜಿನಲ್ಲಿ 1930ರಿಂದ 1947ರವರೆಗೆ ಪಾಠ ಹೇಳಿದ ಲುಡ್‌ವಿಗ್ ವಿಟ್‌ಗೆನ್‌ಸ್ಟೈನರ ಸಂಗತಿಯನ್ನು ಅವರ ಅಮೆರಿಕದ ಶಿಷ್ಯ ನಾರ್ಮನ್ ಮಾಲ್ಕಮ್ 1958ರಲ್ಲಿ ಪ್ರಕಟವಾದ ತಮ್ಮ ಸ್ಮರಣೆಗಳಲ್ಲಿ ಬಿಡಿಸಿ ಬರೆದಿದ್ದಾರೆ. ಆ ತತ್ತ್ವಜ್ಞನು ಟ್ರಿನಿಟಿ ಕಾಲೇಜಿನ ತನ್ನ ವಾಸದ ಕೋಣೆಯಲ್ಲಿಯೇ ತರಗತಿಯನ್ನು ನಡೆಸುತ್ತಿದ್ದನು, ಕೈಯಲ್ಲಿ ಟಿಪ್ಪಣಿಯಿಲ್ಲ, ನಡುನಡುವೆ ದೀರ್ಘವಾದ ಮೌನ, ತನ್ನ ಮೇಲೆಯೇ ಸಿಟ್ಟು. ಪಾಠ ಮುಗಿದೊಡನೆ ಬಳಲಿ ಸಿನಿಮಾ ಮಂದಿರಕ್ಕೆ ಧಾವಿಸಿ ಎಲ್ಲರಿಗಿಂತ ಮುಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತಿದ್ದನು. ಹೊರಗಿನಿಂದ ನೋಡುವವನಿಗೆ ಇದು ತಮಾಷೆ. ಒಳಗಿದ್ದವನಿಗೆ ಮಾತ್ರ ತಿಳಿಯುವುದೇನೆಂದರೆ, ಆ ಮೌನವು ಆಲೋಚನೆಯು ಕಣ್ಣೆದುರಿಗೇ ಹೆರಿಗೆಯ ನೋವನ್ನು ಅನುಭವಿಸುತ್ತಿದ್ದುದರ ಕುರುಹು. ಆ ಸಿನಿಮಾ ಅದರ ತರುವಾಯದ ಆಯಾಸ. ಇಲ್ಲಿ ವಿಲಕ್ಷಣತೆಯೇ ಪಾಠದ ಒಂದು ಭಾಗ. ಆದರೆ ಕೆಲವು ಶಿಷ್ಯರು ಗುರುವಿನ ಆಲೋಚನೆಯನ್ನು ಹಿಡಿಯಲಾರದೆ ಕೈಬೀಸುವ ರೀತಿಯನ್ನೂ ಮಾತಿನ ಧಾಟಿಯನ್ನೂ ಹಿಡಿದುಕೊಂಡರೆಂದು ಪ್ರಸಿದ್ಧವಾಗಿದೆ. ಅಣಕಿಸಿ ನಗುವವನೂ ಭಕ್ತಿಯಿಂದ ಅನುಕರಿಸುವವನೂ ಮಾಡುವ ತಪ್ಪು ಒಂದೇ: ಇಬ್ಬರೂ ಸಿಪ್ಪೆಯನ್ನು ಇಟ್ಟುಕೊಂಡು ಹಣ್ಣನ್ನು ಬಿಟ್ಟವರು.

ಮೂರನೆಯ ಬಗೆಯೊಂದಿದೆ; ಅದು ವ್ರತದಿಂದ ಬಂದುದು. ಗೌರಿಬಿದನೂರು ತಾಲ್ಲೂಕಿನ ಹೊಸೂರಿನಲ್ಲಿ 1920ರಲ್ಲಿ ಬಡವರ ಮನೆಯಲ್ಲಿ ಹುಟ್ಟಿ, ಓದಿನ ಆಸೆಯಿಂದ ಬೆಂಗಳೂರಿಗೆ ನಡೆದೇ ಬಂದ ಹೆಚ್. ನರಸಿಂಹಯ್ಯನವರು ನ್ಯಾಷನಲ್ ಕಾಲೇಜಿನಲ್ಲಿ ಭೌತಶಾಸ್ತ್ರದ ಅಧ್ಯಾಪಕರೂ ಪ್ರಾಂಶುಪಾಲರೂ ಆದರು. ಅಮೆರಿಕದ ಒಹಾಯೋ ಸ್ಟೇಟ್ ವಿಶ್ವವಿದ್ಯಾನಿಲಯದ ಡಾಕ್ಟರೇಟನ್ನು ಪಡೆದರು. 1970ರ ದಶಕದಲ್ಲಿ ಬೆಂಗಳೂರು ವಿಶ್ವವಿದ್ಯಾನಿಲಯದ ಉಪಕುಲಪತಿಗಳಾಗಿದ್ದರು. ಇಷ್ಟೆಲ್ಲ ಆದರೂ ಖಾದಿಯ ಪಂಚೆಯನ್ನೂ ಟೋಪಿಯನ್ನೂ ಬಿಡಲಿಲ್ಲ, ಮದುವೆಯಾಗಲಿಲ್ಲ, 2005ರಲ್ಲಿ ತೀರಿಕೊಳ್ಳುವವರೆಗೂ ಕಾಲೇಜಿನ ವಿದ್ಯಾರ್ಥಿನಿಲಯದ ಕೋಣೆಯನ್ನೇ ಮನೆಯಾಗಿ ಮಾಡಿಕೊಂಡಿದ್ದರು. ಹದಿನೆಂಟರ ಹುಡುಗನಿಗೆ ಇದು ವಿಚಿತ್ರವಾಗಿ ತೋರಿದರೆ ಆಶ್ಚರ್ಯವಿಲ್ಲ: ದೊಡ್ಡ ಅಧಿಕಾರಿಯು ಹುಡುಗರ ನಡುವೆ ಒಂದು ಕೋಣೆಯಲ್ಲಿರುವುದೆ? ಅದೇ ಹುಡುಗನು ನಲವತ್ತರಲ್ಲಿ, ಮನೆಯ ಸಾಲದ ಕಂತನ್ನು ಲೆಕ್ಕ ಹಾಕುತ್ತ ಕುಳಿತ ಒಂದು ರಾತ್ರಿ, ಆ ಕೋಣೆಯನ್ನು ನೆನೆದರೆ ಅವನಿಗೆ ನಗೆ ಬಾರದು. ಬೇಡವೆನ್ನುವ ಶಕ್ತಿಯೂ ಒಂದು ಸಂಪತ್ತೆಂಬ ಪಾಠವನ್ನು ಯಾವ ತರಗತಿಯಲ್ಲಿಯೂ ಹೇಳದೆ ಒಬ್ಬರು ಹೇಳಿದ್ದರೆಂದು ಆಗ ಹೊಳೆಯುತ್ತದೆ. ಪಾಠ ಹಳೆಯದು, ಅರ್ಥವಾದುದು ಇಂದು.

ವಿದ್ಯಾರ್ಥಿನಿಲಯದ ನೆನಪುಗಳನ್ನು ಕುರಿತೂ ಇದೇ ಎಚ್ಚರ ಬೇಕು. ಹಿಂದೆ ಮೈಸೂರು, ಬೆಂಗಳೂರುಗಳಂತಹ ಊರುಗಳಲ್ಲಿ ಬಡ ವಿದ್ಯಾರ್ಥಿಗಳು ವಾರಾನ್ನದಿಂದ ಓದಿದರು; ಏಳು ದಿನಕ್ಕೆ ಏಳು ಮನೆ, ಒಂದು ಮನೆ ತಪ್ಪಿದರೆ ಅಂದು ಉಪವಾಸ. ಆಮೇಲೆ ಜಾತಿಜಾತಿಯವರು, ಮಠಗಳವರು, ಸರ್ಕಾರದವರು ವಿದ್ಯಾರ್ಥಿನಿಲಯಗಳನ್ನು ತೆರೆದುದರಿಂದ ಹಳ್ಳಿಯ ಎಷ್ಟೋ ಮಕ್ಕಳಿಗೆ ಅನ್ನವೂ ಅಕ್ಷರವೂ ಒಟ್ಟಿಗೆ ದೊರೆತುವು. ಅಲ್ಲಿನ ನಗೆಯಲ್ಲಿ ಹಸಿವನ್ನು ಮರೆಸುವ ಗುಣವಿತ್ತು. ದೊಡ್ಡವರೆದುರು ಬಾಯಿ ತೆರೆಯಲಾರದ ಹುಡುಗನಿಗೆ ರಾತ್ರಿಯ ಅಣಕವು ಒಂದು ಬಗೆಯ ಸ್ವಾತಂತ್ರ್ಯವೇ ಸರಿ.

ಆದರೆ ಅದೇ ಕೋಣೆಗಳಲ್ಲಿ ಇನ್ನೊಂದು ನಗೆಯೂ ಇತ್ತು. ಹಳ್ಳಿಯ ಮಾತನಾಡಿದವನನ್ನು, ಹರಕು ಹಾಸಿಗೆಯನ್ನು ತಂದವನನ್ನು, ಮೊದಲ ಸಲ ಇಂಗ್ಲಿಷ್ ಮಾತನಾಡಿ ತಪ್ಪಿದವನನ್ನು ಸುತ್ತುಗಟ್ಟಿ ನಕ್ಕ ನಗೆ ಅದು. ಹೊಸಬರನ್ನು ಪೀಡಿಸುವ ಈ ಪದ್ಧತಿಯು ಎಷ್ಟು ದೂರ ಹೋಯಿತೆಂದರೆ, ಅದನ್ನು ತಡೆಯಲು 2009ರಲ್ಲಿ ವಿಶ್ವವಿದ್ಯಾನಿಲಯ ಧನಸಹಾಯ ಆಯೋಗವು ದೇಶಕ್ಕೆಲ್ಲ ಅನ್ವಯಿಸುವ ನಿಯಮಾವಳಿಯನ್ನೇ ಹೊರಡಿಸಬೇಕಾಯಿತು. ನಕ್ಕವರು ಮೂವತ್ತು ವರ್ಷಗಳ ಮೇಲೆ ಅದನ್ನು ಮಧುರಸ್ಮೃತಿಯೆಂದು ಹೇಳಿಕೊಳ್ಳುತ್ತಾರೆ. ನಗಿಸಿಕೊಂಡವನು ಹಳೆಯ ವಿದ್ಯಾರ್ಥಿಗಳ ಸಭೆಗೆ ಬರುವುದೇ ಇಲ್ಲ. ಅವನು ಬಾರದಿದ್ದುದರಿಂದ ಸಭೆಯ ನೆನಪುಗಳೆಲ್ಲ ಸವಿಯಾಗಿಯೇ ಇರುತ್ತವೆ. ನೆನಪಿನ ಸವಿಯು ಅದರ ಸತ್ಯಕ್ಕೆ ಸಾಕ್ಷಿಯಲ್ಲವೆಂಬುದಕ್ಕೆ ಇದಕ್ಕಿಂತ ಹೆಚ್ಚಿನ ಪ್ರಮಾಣ ಬೇಕೆ? ಬಲವಿಲ್ಲದವನು ಬಲವಂತನನ್ನು ಕುರಿತು ನಗುವುದು ಒಂದು. ಹತ್ತು ಜನ ಸೇರಿ ಒಬ್ಬನನ್ನು ಕುರಿತು ನಗುವುದು ಮತ್ತೊಂದು. ಮೇಲ್ನೋಟಕ್ಕೆ ಎರಡೂ ಒಂದೇ ಸದ್ದು. ಹಾಗೆಯೇ, ವೇದಿಕೆಯ ಮೇಲಿದ್ದಾಗ ಬಲವಂತನಾಗಿದ್ದ ಗುರುವು ಸತ್ತ ಮೇಲೆ ಎಲ್ಲರಿಗಿಂತಲೂ ದುರ್ಬಲನು. ಅಂದು ನಿರಪಾಯವಾಗಿದ್ದ ನಗೆಯು ಇಂದು ಹಾಗಿರಲಾರದು.

ಇಷ್ಟನ್ನು ಒಪ್ಪಿದ ಮೇಲೆ ನಗೆಯನ್ನೇ ಬಿಟ್ಟುಬಿಡಬೇಕೆ? ಬೇಡ. ನಗೆಯಿಲ್ಲದ ಸ್ತುತಿಯು ಗುರುವನ್ನು ಗೋಡೆಯ ಮೇಲಿನ ಪಟವನ್ನಾಗಿ ಮಾಡುತ್ತದೆ. ಮಾಲೆ ಬಾಡಿದ ಪಟವನ್ನು ಯಾರೂ ಪ್ರೀತಿಸುವುದಿಲ್ಲ. ಕೊಡೆಯ ಕಥೆಯಿಂದ ಆ ಮನುಷ್ಯನು ಮತ್ತೊಮ್ಮೆ ಕಾರಿಡಾರಿನಲ್ಲಿ ನಡೆದು ಬರುತ್ತಾನೆ. ಆದುದರಿಂದ ಬೇಕಾದುದು ಒಂದು ಪರೀಕ್ಷೆ. ಕಥೆಯನ್ನು ಹೇಳುವಾಗ ಆ ಗುರುವಿನ ಮಗಳು ಅದೇ ಕೋಣೆಯ ಮೂಲೆಯಲ್ಲಿ ಕುಳಿತಿದ್ದಾಳೆಂದು ಭಾವಿಸಬೇಕು. ಕಥೆಯನ್ನು ಕೇಳಿ ಅವಳೂ ನಕ್ಕು, "ಹೌದು, ಅಪ್ಪ ಮನೆಯಲ್ಲಿಯೂ ಹಾಗೆಯೇ ಇದ್ದರು" ಎನ್ನುವಂತಿದ್ದರೆ ಆ ನಗೆಯು ಶುದ್ಧ. ಅವಳು ತಲೆ ತಗ್ಗಿಸುವಂತಿದ್ದರೆ, ಕಥೆಯು ಎಷ್ಟೇ ಸೊಗಸಾಗಿದ್ದರೂ ಅದನ್ನು ನುಂಗಿಕೊಳ್ಳುವುದೇ ಧರ್ಮ.

ಇಷ್ಟಾದರೂ ಶುದ್ಧವಾದ ನಗೆಯು ಋಣದ ಬಡ್ಡಿಯಷ್ಟೇ, ಅಸಲು ಬೇರೆಯಿದೆ. ಮೈಸೂರಿನ ಮಹಾರಾಜಾ ಕಾಲೇಜಿನಲ್ಲಿ ಕನ್ನಡದ ಅಧ್ಯಾಪಕರಾಗಿದ್ದ ಟಿ. ಎಸ್. ವೆಂಕಣ್ಣಯ್ಯನವರು 1939ರಲ್ಲಿ ತೀರಿಕೊಂಡರು. ಅವರು ಬರೆದಿಟ್ಟ ಗ್ರಂಥಗಳು ಹೆಚ್ಚಲ್ಲ. ಅವರ ಬಾಳಿನ ಬಹುಭಾಗ ಶಿಷ್ಯರಲ್ಲಿ ಖರ್ಚಾಯಿತು. ಹತ್ತು ವರ್ಷಗಳ ಮೇಲೆ, 1949ರಲ್ಲಿ, ಕುವೆಂಪು ಅವರ 'ಶ್ರೀ ರಾಮಾಯಣ ದರ್ಶನಂ' ಪ್ರಕಟವಾದಾಗ ಆ ಮಹಾಕಾವ್ಯವು ಆ ಗುರುವಿಗೇ ಅರ್ಪಿತವಾಗಿತ್ತು. ಗುರುವು ಕಣ್ಮರೆಯಾದ ಮೇಲೆ ಬೆಳೆದ ಬೆಳೆಯನ್ನು ಶಿಷ್ಯನು ಅವರ ಮನೆಯ ಬಾಗಿಲಿಗೆ ತಂದು ಇಳಿಸಿದಂತಾಯಿತು.

ಎಲ್ಲರೂ ಮಹಾಕಾವ್ಯ ಬರೆಯಲಾರರು. ಆದರೆ ಮೊದಲು ಹೇಳಿದ ಆ ಗೆಳೆಯರಿಬ್ಬರಲ್ಲಿ ಒಬ್ಬನು ತನ್ನ ಕಚೇರಿಯಲ್ಲಿ ಲೆಕ್ಕವನ್ನು ಎರಡನೆಯ ಸಲ ನೋಡುವವನಾಗಿರಬಹುದು. ಇನ್ನೊಬ್ಬನು ಬಡವನ ಅಹವಾಲನ್ನು ನಡುವೆ ತಡೆಯದೆ ಕೇಳುವವನಾಗಿರಬಹುದು. ಮಗನು ಕೇಳಿದ ಪ್ರಶ್ನೆಗೆ ಉತ್ತರ ಅಲ್ಲಿಯೇ ಇದೆ. ಮೌನವಾಗಿ ಕುಳಿತ ಆ ಕ್ಷಣದಲ್ಲಿ ಅವರು ಸ್ವಲ್ಪ ಹುಡುಕಿಕೊಂಡರೆ, "ಇದನ್ನು ಅವರೇ ಕಲಿಸಿದರು, ಮಗು" ಎಂದು ಹೇಳಬಲ್ಲರು. ಹಾಗೆ ಹೇಳಿದ ಮೇಲೆ ಕೊಡೆಯ ಕಥೆಯನ್ನು ಮತ್ತೊಮ್ಮೆ ಹೇಳಿ ಮನಸಾರೆ ನಗಲು ಅವರಿಗೆ ಪೂರ್ಣವಾದ ಅಧಿಕಾರವಿದೆ.