ಹಲ್ಲಿನ ಡಾಕ್ಟರನ್ನು ಬಿಡುವ ಮುನ್ನ

ರವಿಕೆ ಹೊಲಿಯುವವರನ್ನು ಬದಲಾಯಿಸುವಾಗ ನಾವು ಹೆಂಗಸರು ಎರಡನೆಯ ಮಾತು ಯೋಚಿಸುವುದಿಲ್ಲ. ತೋಳು ಬಿಗಿಯಾಯಿತೋ, ಮುಂದಿನ ಬೀದಿಯ ಟೈಲರ್ ಹತ್ತಿರ ಹೋದೆವು. ಹಾಲಿಗೆ ನೀರು ಹೆಚ್ಚಾಯಿತೋ, ನಾಳೆಯಿಂದ ಬೇರೆ ಹಾಲು. ಆದರೆ ಡಾಕ್ಟರನ್ನು ಬಿಡುವುದೆಂದರೆ ನೆಂಟಸ್ತಿಕೆ ಕಡಿದುಕೊಂಡಷ್ಟು ಸಂಕಟ. ಚಳ್ಳಕೆರೆಯಂಥ ಊರಿನಲ್ಲಂತೂ ಬೆಳಿಗ್ಗೆ ಯಾರು ಯಾರ ಷಾಪಿನ ಮೆಟ್ಟಿಲು ಹತ್ತಿದರು ಎಂಬುದು ಸಂಜೆಗೆ ಬಸ್ ಸ್ಟ್ಯಾಂಡಿನವರೆಗೂ ತಿಳಿದಿರುತ್ತದೆ.

ಹೋದ ವರ್ಷ ನನ್ನ ಕೆಳದವಡೆಯ ಹಲ್ಲೊಂದು ಹುಳುಕಾಗಿ ರೂಟ್ ಕೆನಾಲ್ ಮಾಡಿಸಬೇಕಾಯಿತು. ಡಾಕ್ಟರು ನಾನೇ ಪಾಠ ಹೇಳಿದ ಹುಡುಗ. ಓದು ಮುಗಿಸಿ ಬೆಂಗಳೂರಿನಲ್ಲಿ ಉಳಿಯದೆ ಊರಿಗೆ ಬಂದನಲ್ಲ ಎಂದು ನಮಗೆಲ್ಲ ಹೆಮ್ಮೆ. ಮರಗಟ್ಟಿಸುವ ಇಂಜೆಕ್ಷನ್ ಕೊಟ್ಟೇ ಕೆಲಸ ಶುರು ಮಾಡಿದ. ಆದರೂ ಸೂಜಿ ಬೇರಿನೊಳಗೆ ಇಳಿದಾಗ ನೆತ್ತಿಯವರೆಗೆ ಸಿಡಿಲು ಹೊಡೆದಂತಾಯಿತು. ಕೈ ಎತ್ತಿದೆ. ‘ಇನ್ನೊಂದೇ ನಿಮಿಷ ತಡ್ಕಳ್ಳಿ ಮೇಡಂ’ ಅಂದ. ಮತ್ತೆ ಎತ್ತಿದೆ. ಪಕ್ಕದಲ್ಲಿ ನಿಂತಿದ್ದ ಸಹಾಯಕಿ ನನ್ನ ಕೈಯನ್ನು ಮೆಲ್ಲಗೆ ಹಿಡಿದು ಕೆಳಗಿಟ್ಟಳು. ‘ಎರಡು ಹೆರಿಗೆ ತಡ್ಕಂಡೋರು, ಇದೇನು ಮಹಾ!’ ಎಂದು ನಕ್ಕಳು. ಕೊನೆಗೆ ತಾತ್ಕಾಲಿಕವಾಗಿ ಸಿಮೆಂಟು ತುಂಬಿ, ಮುಂದಿನ ವಾರ ಬರಲು ಹೇಳಿ ಕಳಿಸಿದರು.

ಆ ವಾರವೆಲ್ಲ ನನಗೆ ಇದೇ ಯೋಚನೆ. ಮತ್ತೆ ಅಲ್ಲಿಗೇ ಹೋಗಬೇಕೇ?

‘ನಮ್ಮೂರ ಹುಡುಗ, ಹೊಂದ್ಕಂಡು ಹೋಗು’ ಎಂದರು ಯಜಮಾನರು. ಈ ಹೊಂದಿಕೊಳ್ಳುವ ಮಾತು ನಮಗೇನು ಹೊಸದೇ? ಮೊಳಕಾಲ್ಮೂರು ತಾಲ್ಲೂಕಿನ ನಮ್ಮ ಶಾಲೆಯ ಸ್ಟಾಫ್ ರೂಮಿನಲ್ಲಿ ಒಬ್ಬರು, ‘ನೋವು ಕೊಟ್ಟೋನ ಹತ್ರ ಇನ್ನೊಂದು ಸಲ ಬಾಯಿ ತೆಗೆದ್ರೆ ತಪ್ಪು ನಿಮ್ಮದೇ’ ಎಂದು ಒಂದೇ ಏಟಿಗೆ ತೀರ್ಮಾನ ಕೊಟ್ಟರು. ನನಗೆ ಎರಡೂ ಸರಿ ಕಾಣಲಿಲ್ಲ.

ನೋವಾಯಿತು ಎಂಬುದಷ್ಟೇ ಡಾಕ್ಟರ ಮೇಲಿನ ದೂರಾಗಲಾರದು. ನಮ್ಮಜ್ಜಿಯ ಕಾಲದಲ್ಲಿ ಹಲ್ಲುನೋವಿಗೆ ಲವಂಗ, ಅದಕ್ಕೂ ಬಗ್ಗದಿದ್ದರೆ ಕೀಳುವುದು. ಇಂದು ಹಲ್ಲಿನ ಡಾಕ್ಟರುಗಳು ಹೆಚ್ಚಾಗಿ ಬಳಸುವ ಲಿಗ್ನೋಕೇನ್ ಎಂಬ ಮದ್ದನ್ನು ಸ್ವೀಡನ್ನಿನಲ್ಲಿ ತಯಾರಿಸಿದ್ದು 1943ರಲ್ಲಿ. ಆದರೆ ಹಲ್ಲಿನ ಒಳತಿರುಳು ಉರಿಗೊಂಡು ಬಾತಿದ್ದರೆ, ಅದರಲ್ಲೂ ಕೆಳದವಡೆಯ ಹಿಂದಿನ ಹಲ್ಲಿನಲ್ಲಿ, ಈ ಮದ್ದು ಸರಿಯಾಗಿ ಹಿಡಿಯದೇ ಹೋಗುವುದುಂಟು. ಕೈಗುಣ ಚೆನ್ನಾಗಿರುವವರಿಗೂ ಹೀಗಾಗುತ್ತದೆ. ಆಗ ಸ್ವಲ್ಪ ಕಾಯಬಹುದು, ಇನ್ನೊಂದು ಇಂಜೆಕ್ಷನ್ ಕೊಡಬಹುದು, ಹಲ್ಲಿನೊಳಗೆ ಔಷಧಿ ಇಟ್ಟು ಬೇರೆ ದಿನ ಬರಹೇಳಬಹುದು. ಇವಕ್ಕೆಲ್ಲ ಮೊದಲು ಬೇಕಾದದ್ದು ಒಂದೇ: ಕೈ ಎತ್ತಿದಾಗ ನಿಲ್ಲಿಸುವುದು. ಬಾಯಿ ತುಂಬ ಹತ್ತಿ, ಕೊಳವೆ ಇಟ್ಟುಕೊಂಡವಳಿಗೆ ಉಳಿದಿರುವ ಮಾತು ಆ ಕೈಯೊಂದೇ ತಾನೆ?

ಹಾಗಾದರೆ ಸುಮ್ಮನೆ ಬಿಟ್ಟುಹೋಗಲೇ? ನನಗೇನು, ಚಿತ್ರದುರ್ಗದ ಬಸ್ಸು ಹತ್ತಿದರೆ ಆಯಿತು. ಆದರೆ ನಮ್ಮ ಶಾಲೆಯ ಹೆಣ್ಣುಮಕ್ಕಳ ನೆನಪಾಯಿತು. ನಮ್ಮ ಕಡೆಯ ಎಷ್ಟೋ ಹಳ್ಳಿಗಳ ಬೋರ್‌ವೆಲ್ ನೀರಿನಲ್ಲಿ ಫ್ಲೋರೈಡ್ ಹೆಚ್ಚು. ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದೆಂಬುದು ಲೆಕ್ಕ. ಮೀರಿದ ನೀರು ಕುಡಿದು ಬೆಳೆದ ಮಕ್ಕಳ ಹಲ್ಲಿನ ಮೇಲೆ ಕಂದು ಪಟ್ಟೆ. ಅದು ಹಲ್ಲು ವಸಡಿನೊಳಗೆ ರೂಪುಗೊಳ್ಳುವಾಗಲೇ ಕೂತ ಕಲೆ, ಎಷ್ಟು ಉಜ್ಜಿದರೂ ಹೋಗುವಂಥದ್ದಲ್ಲ. ಒಮ್ಮೆ ಶಾಲೆಗೆ ತಪಾಸಣೆಗೆ ಬಂದವರೊಬ್ಬರು ಎಲ್ಲರೆದುರು, ‘ಹಲ್ಲುಜ್ಜೋದೇ ಇಲ್ವೇನೇ ನೀನು?’ ಎಂದು ಒಬ್ಬಳನ್ನು ಗದರಿಬಿಟ್ಟರು. ನಗುವಾಗ ಕೈ ಅಡ್ಡ ಇಟ್ಟುಕೊಳ್ಳುತ್ತಿದ್ದವಳು ಆಮೇಲೆ ನಗುವುದನ್ನೇ ಬಿಟ್ಟಳು. ಮುಂದಿನ ವರ್ಷದ ತಪಾಸಣೆಯ ದಿನ ಶಾಲೆಗೇ ಬರಲಿಲ್ಲ. ಇಂಥವಳು ನಾಳೆ ಆ ಕುರ್ಚಿಯಲ್ಲಿ ಕೂತು ಕೈ ಎತ್ತಿದರೆ? ಶೇಂಗಾ ಕೀಳುವ ಕೂಲಿ ಬಿಟ್ಟು ಬಂದ ಅವಳ ತಾಯಿ ಎತ್ತಿದರೆ? ಅವರಿಗೆ ಚಿತ್ರದುರ್ಗ ದೂರ. ಡಾಕ್ಟರಿಗೆ ಎದುರು ಕೂತು ಹೇಳುವ ಧೈರ್ಯ ಇನ್ನೂ ದೂರ. ನನಗಾದರೆ ಆತ ಒಂದು ಕಾಲದಲ್ಲಿ ಹೋಂವರ್ಕ್ ತೋರಿಸಿದ ಹುಡುಗ.

ಪ್ರತಿ ಬಾರಿ ಮಕ್ಕಳನ್ನು ಬ್ರಹ್ಮಗಿರಿ, ಸಿದ್ದಾಪುರಗಳ ಅಶೋಕನ ಶಾಸನ ತೋರಿಸಲು ಕರೆದೊಯ್ದಾಗ, ಅಲ್ಲಿ ಶಿಷ್ಯನು ಗುರುವನ್ನು ಗೌರವಿಸಬೇಕೆಂದು ಬರೆದಿದೆ ಎಂದು ಹೇಳುತ್ತೇವೆ. 1892ರಲ್ಲಿ ಬಿ. ಎಲ್. ರೈಸ್ ಬೆಳಕಿಗೆ ತಂದ ಶಾಸನಗಳಿವು. ಮೇಷ್ಟರುಗಳಿಗೆ ಆ ಸಾಲು ಬಲು ಇಷ್ಟ, ಸಹಜವೇ ಬಿಡಿ. ಆದರೆ ಕಲ್ಲಿನ ಮೇಲೆ ಅದಕ್ಕೂ ಮೊದಲು ಬರುವುದು ಪ್ರಾಣಿಗಳಲ್ಲಿ ದಯೆ, ಸತ್ಯ ನುಡಿಯುವುದು. ಶಿಷ್ಯನ ಗೌರವ ಉಳಿಸಿಕೊಳ್ಳಲೆಂದು ಗುರು ಬಾಯಿ ಮುಚ್ಚಿಕೊಳ್ಳಬೇಕೆಂದು ಅಲ್ಲೆಲ್ಲೂ ಇಲ್ಲ.

ಹೋಗಿ ಹೇಳಿದೆ. ರೋಗಿಗಳೆಲ್ಲ ಹೋದ ಮೇಲೆ, ರಾತ್ರಿ. ಆತನ ಮುಖ ಸಣ್ಣಗಾಯಿತು. ‘ಮಧ್ಯ ನಿಲ್ಲಿಸಿದ್ರೆ ಹೊರಗೆ ಕೂತಿರೋರು ಎದ್ದು ಹೋಗ್ತಾರೆ ಮೇಡಂ. ಬೇಗ ಮುಗಿಸಿದ್ರೆ ನಿಮಗೂ ಒಳ್ಳೇದು ಅಂತ...’ ಎಂದ. ಸುಳ್ಳಲ್ಲ, ಒಬ್ಬನೇ ದುಡಿಯುವವನಿಗೆ ಆ ಅವಸರ ಇರುತ್ತದೆ. ‘ಇನ್ನು ಮೇಲೆ ಕೈ ಎತ್ತಿದ್ರೆ ನಿಲ್ಲಿಸ್ತೀಯಾ?’ ಎಂದು ಕೇಳಿದೆ. ‘ನೋಡ್ತೀನಿ ಮೇಡಂ’ ಎಂದ.

‘ನೋಡ್ತೀನಿ’ ಎಂಬ ಮಾತಿನ ಮೇಲೆ ನಾನು ನನ್ನ ದವಡೆಯನ್ನು ಒಪ್ಪಿಸಲಾರೆ. ಎಕ್ಸ್‌ರೇ ಕೇಳಿದೆ. ರೋಗಿಗೆ ತನ್ನ ದಾಖಲೆ ಪಡೆಯುವ, ಬೇರೆ ಡಾಕ್ಟರ ಅಭಿಪ್ರಾಯ ಕೇಳುವ ಹಕ್ಕಿದೆಯೆಂದು ರಾಷ್ಟ್ರೀಯ ಮಾನವ ಹಕ್ಕುಗಳ ಆಯೋಗ 2018ರಲ್ಲಿ ಸಿದ್ಧಪಡಿಸಿದ ರೋಗಿಗಳ ಹಕ್ಕುಗಳ ಸನ್ನದಿನಲ್ಲೇ ಇದೆ. ನಾನು ಆ ಮಾತೆತ್ತಬೇಕಾಗಲಿಲ್ಲ. ಆತನೇ ಒಂದು ಲಕೋಟೆಗೆ ಹಾಕಿ, ಎಷ್ಟರವರೆಗೆ ಕೆಲಸವಾಗಿದೆ ಎಂದು ಬರೆದುಕೊಟ್ಟ. ಆ ಗುಣಕ್ಕೆ ನನ್ನ ಮೆಚ್ಚುಗೆಯಿದೆ. ಉಳಿದ ಕೆಲಸ ಚಿತ್ರದುರ್ಗದಲ್ಲಿ ಮುಗಿಯಿತು. ಅಲ್ಲೂ ನೋವಾಯಿತು. ಎರಡು ಸಲ ಕೈ ಎತ್ತಿದೆ, ಎರಡು ಸಲವೂ ನಿಲ್ಲಿಸಿದರು.

‘ಹೇಳಿ ಆದ್ಮೇಲೆ ಬಿಡೋದ್ಯಾಕೆ, ಬಿಡೋದಾದ್ರೆ ಹೇಳೋದ್ಯಾಕೆ?’ ಎಂದು ಯಜಮಾನರು ಇವತ್ತಿಗೂ ಕೇಳುತ್ತಾರೆ. ಹೇಳಿದ್ದು ಅವನಿಗೋಸ್ಕರ, ಅವನ ಕುರ್ಚಿಯಲ್ಲಿ ಮುಂದೆ ಕೂರುವವರಿಗೋಸ್ಕರ. ಬಿಟ್ಟದ್ದು ನನಗೋಸ್ಕರ. ಇದು ಅವರಿಗೆ ಒಗ್ಗುವುದಿಲ್ಲ.

ಮೊನ್ನೆ ಪಕ್ಕದ ಮನೆಯಾಕೆ ಹಲ್ಲು ಕೀಳಿಸಬೇಕೆಂದು, ಆ ಡಾಕ್ಟರು ಹೇಗೆ ಎಂದು ಕೇಳಿದಳು. ಕೆಲಸ ಗೊತ್ತಿರುವ ಹುಡುಗ, ಆದರೆ ಕೂರುವ ಮೊದಲೇ ‘ಕೈ ಎತ್ತಿದರೆ ನಿಲ್ಲಿಸ್ತೀರಾ?’ ಎಂದು ಕೇಳಿಕೋ ಎಂದೆ. ‘ಅಯ್ಯೋ, ಹಂಗೆಲ್ಲ ಹೆಂಗ್ ಕೇಳೋದು ಅಕ್ಕಾ?’ ಎಂದಳು. ಕೇಳಿ ಬಾ, ಬೇಕಾದರೆ ಜೊತೆಗೆ ನಾನೂ ಬರುತ್ತೇನೆ ಎಂದಿದ್ದೇನೆ.