ಸೊಳ್ಳೆಗೆ ಮನಸ್ಸುಂಟೇ?

ಮಳೆಗಾಲದ ಹಂಸಭಾವಿಯಲ್ಲಿ ಸೊಳ್ಳೆ ಹೊಡೆಯುವ ಕೈಗೆ ಬಿಡುವಿಲ್ಲ. ತಪ್ಪಿಸಿಕೊಂಡ ಸೊಳ್ಳೆ ಆ ಏಟಿನಿಂದ ಏನಾದರೂ ಕಲಿಯುತ್ತದೆಯೇ?

ಕಲಿಯುತ್ತದೆ. ವಾಷಿಂಗ್ಟನ್ ವಿಶ್ವವಿದ್ಯಾಲಯದ ಜೆಫ್ ರಿಫೆಲ್ ತಂಡ ಡೆಂಗಿ ಹರಡುವ ಈಡಿಸ್ ಸೊಳ್ಳೆಗಳಿಗೆ ಮನುಷ್ಯನ ಮೈವಾಸನೆಯ ಜೊತೆಗೇ, ಕೈ ಬೀಸಿದಂಥ ಅದುರನ್ನೂ ಕೊಟ್ಟಿತು. ಮರುದಿನವೂ ಅವು ಆ ವಾಸನೆಯಿಂದ ದೂರ ಸರಿದವು. 2018ರಲ್ಲಿ ಪ್ರಕಟವಾದ ಈ ಅಧ್ಯಯನ, ಇಂಥ ಕಲಿಕೆಗೆ ಡೋಪಮಿನ್ ಎಂಬ ಮಿದುಳಿನ ರಾಸಾಯನಿಕ ಬೇಕೆಂದೂ ತೋರಿಸಿತು.

ಕಲಿಯುವ ಸೊಳ್ಳೆಗೆ ಮನಸ್ಸೂ ಉಂಟೇ? ಈ ಪ್ರಶ್ನೆಗೆ ಜೈನರಲ್ಲಿ ಹಳೆಯ ಉತ್ತರವೊಂದಿದೆ. ಹಂಸಭಾವಿಯಂತೆ ಹಾವೇರಿ ಜಿಲ್ಲೆಯದೇ ಆದ ಬಂಕಾಪುರ ಹಿಂದೆ ಜೈನ ವಿದ್ಯೆಯ ನೆಲೆ. ಜೈನರ ಎಣಿಕೆಯಲ್ಲಿ ಸೊಳ್ಳೆ ನಾಲ್ಕು ಇಂದ್ರಿಯಗಳ ಜೀವಿ. ಸ್ಪರ್ಶ, ರುಚಿ, ವಾಸನೆ, ನೋಟ ಉಂಟು, ಕಿವಿಯಿಲ್ಲ, ಮನಸ್ಸಿಲ್ಲ. ಕಿವಿಯ ಮಾತು ಈಗ ನಿಲ್ಲದು: ಗಂಡು ಸೊಳ್ಳೆ ಹೆಣ್ಣಿನ ರೆಕ್ಕೆಯ ಸದ್ದನ್ನು ಕುಡಿಮೀಸೆಯಿಂದಲೇ ಕೇಳಿಸಿಕೊಳ್ಳುತ್ತದೆ.

ಮನಸ್ಸಿನ ಮಾತು ಅಷ್ಟು ಸುಲಭವಲ್ಲ. ಜೈನರ ಗ್ರಂಥ ತತ್ತ್ವಾರ್ಥಸೂತ್ರ ಸ್ಮೃತಿಯನ್ನು, ಎಂದರೆ ನೆನಪನ್ನು, ಮತಿಜ್ಞಾನವೆಂಬ ಇಂದ್ರಿಯಮೂಲದ ಅರಿವಿನೊಳಗೇ ಸೇರಿಸುತ್ತದೆ. ಮತಿಯೋ ಅತಿ ಸಣ್ಣ ಜೀವಕ್ಕೂ ಉಂಟು. ನೆನಪಿದ್ದ ಮಾತ್ರಕ್ಕೆ ಮನಸ್ಸಿದೆ ಎನ್ನಲಾಗದು. ಆದರೂ ಏಟನ್ನು ನೆನಪಿಟ್ಟು ದಾರಿ ಬದಲಿಸುವ ಜೀವವನ್ನು ಬರೀ ಯಂತ್ರವೆಂದು ತಳ್ಳಿಹಾಕಲು ಮನಸ್ಸೊಪ್ಪುವುದಿಲ್ಲ. ಡೆಂಗಿಯನ್ನಂತೂ ತಡೆಯಲೇಬೇಕು. ನೀರಿನ ತೊಟ್ಟಿ ಮುಚ್ಚಿಡುವುದು, ಕಿಟಕಿಗೆ ಜಾಲರಿ ಹಾಕಿಸುವುದು ಅಹಿಂಸೆಗೂ ಆರೋಗ್ಯಕ್ಕೂ ಹೊಂದುವ ಕೆಲಸಗಳು.