ಹತ್ತುಮೀನಿನ ಲೆಕ್ಕ

ಕಲಘಟಗಿ ತಾಲೂಕಿನ ಒಂದು ಕೆರೆಯ ಹಿನ್ನೀರಂಚು. ಮಿರಗ ಮುಗಿದು ಆರಿದ್ರಾ ಹಿಡಿದಿದೆ. ಹೊಸ ನೀರಿಗೆ ಮೀನು ಕೆರೆಯಿಂದ ಮೇಲಿನ ಗದ್ದೆಗೆ ಹತ್ತುವ ಸಂಜೆ. ನಿವೃತ್ತ ಮಾಸ್ತರರು ತಮ್ಮ ಗದ್ದೆಯ ಬದುವಿಗೆ ಬಿದಿರಿನ ಕೂಳಿ ಒಡ್ಡಲು ಬಂದಿದ್ದಾರೆ. ಕೆರೆಯಲ್ಲಿ ಬಲೆ ಬೀಸುವ ಕಾಕಾ, ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಪ್ರಾಣಿಶಾಸ್ತ್ರ ಓದುವ ಅವನ ಅಣ್ಣನ ಮಗಳು ಅಲ್ಲೇ ಕುಳಿತಿದ್ದಾರೆ.

ಕಾಕಾ: ಮಾಸ್ತರ, ಇವತ್ತ ಕೂಳಿ ಬ್ಯಾಡ್ರಿ. ಹೊಟ್ಟಿ ಹೆಂಗ ಉಬ್ಬ್ಯಾವು ನೋಡ್ರಿ, ಎಲ್ಲಾ ಮೊಟ್ಟಿ.

ಮಾಸ್ತರ: ನನ್ನ ಒಂದು ಕೂಳಿಗೆ ಕೆರಿ ಬರಿದಾಗತೈತೇನೊ? ಹೋದ ವರ್ಷ ಮೀನ ಇರಲಿಲ್ಲ. ಬಲಿ ಬೀಸಿ ಬೀಸಿ ನೀನ ಖಾಲಿ ಮಾಡಿದಿ ಅಂತ ಊರು ಅಂತೈತಿ.

ಕಾಕಾ: ಅಂತೈತಿ. ಅದರ ಹಿಂದಿನ ವರ್ಷನೂ ಇದ ಬಲಿ, ಇದ ಕೈ. ಆಗ ಬುಟ್ಟಿ ಸಾಲಲಿಲ್ಲ. ಆಗ ಯಾರೂ ನನ್ನಿಂದ ಮೀನ ಹೆಚ್ಚಾತು ಅನ್ನಲಿಲ್ಲ.

ಮಾಸ್ತರ: ಹಂಗಾರ ಎಲ್ಲಾ ಮಳಿ ಮ್ಯಾಲ ಹಾಕು.

ಕಾಕಾ: 2019ರ ಆಗಸ್ಟ್ ಮರತ್ರೇನು? ಮರಿ ಕೋಡಿ ದಾಟಿ ತೇಲಿ ಹೋದ್ವು. 2023ರಾಗ ಮಿರಗ ಕೈ ಕೊಟ್ಟಿತು, ಜುಲೈನ್ಯಾಗ ಮೀನ ಹತ್ತಿದ್ವು, ಆಗಸ್ಟ್ ಪೂರಾ ಬಿಸಿಲು. ಗದ್ದಿ ಒಡದ ಸೀಳಿನ್ಯಾಗ ಮರಿ ಕಂಡೀನಿ ನಾನು, ಬೆರಳುಗುರಿನಷ್ಟು.

ಹುಡುಗಿ: ಪ್ರವಾಹ, ಬರ ಕಣ್ಣಿಗೆ ಕಾಣತಾವ ಕಾಕಾ. ಏನೂ ಆಗದ ವರ್ಷನ ನನಗ ಒಗಟು. ಮಾಸ್ತರ, ನೀವು ಗಣಿತ ಕಲಿಸಿದವರು. ಹತ್ತಿದ ಮೀನೆಲ್ಲಾ ಸೇರಿ ಒಂದು ಲಕ್ಷ ಮರಿ ಆದ್ವು ಅನ್ರಿ. ದಿನಾ ನೂರಕ್ಕ ಹತ್ತು ಸಾಯತಾವ. ಮೂವತ್ತು ದಿನಕ್ಕ ಎಷ್ಟು ಉಳಿದ್ವು?

ಮಾಸ್ತರ: (ಬೆರಳು ಮಡಿಸುತ್ತ) ನಾಕು ಸಾವಿರದ ಮ್ಯಾಲ ಚೂರು.

ಹುಡುಗಿ: ಹತ್ತರ ಬದಲು ಹನ್ನೆರಡು ಸತ್ರ?

ಮಾಸ್ತರ: ತಡಿ... ಎರಡು ಸಾವಿರದ ಆಸುಪಾಸು. ಅರ್ಧಾ ಹೋತಲ್ಲ!

ಹುಡುಗಿ: ನೂರರಾಗ ಎರಡು. ಒಂದು ತಂಪು ವಾರ, ಒಂದಿಷ್ಟು ಕೊಡತಿಹುಳದ ಮರಿ ಹೆಚ್ಚಾದ್ರ ಸಾಕು. ಬದುವಿನ ಮ್ಯಾಲ ನಿಂತು ನೋಡಿದವಗ ಏನೂ ಗೊತ್ತಾಗಾಂಗಿಲ್ಲ. ಮೊಟ್ಟಿಯಿಂದ ಬಂದ ಮರಿ ತನ್ನ ಹೊಟ್ಟಿಗೆ ಕಟಗೊಂಡ ಬುತ್ತಿ ಮ್ಯಾಲ ಬದುಕತೈತಿ. ರೋಹು, ಕಾಟ್ಲಾಕ್ಕ ಅದು ಮೂರು ದಿನ ಬರತೈತಿ. ಬುತ್ತಿ ತೀರೂದ್ರಾಗ ನೀರಾಗ ಕಣ್ಣಿಗೆ ಕಾಣದ ಸಣ್ಣ ಜೀವ ಹುಟ್ಟಿರಬೇಕು. ಹುಟ್ಟಿದ್ರ ಊಟ, ಇಲ್ಲಾಂದ್ರ ಸಾವು.

ಮಾಸ್ತರ: ಇರಲಿ. ಉಳಿದದ್ದು ಗಟ್ಟಿ ಮರಿ. ಡಾರ್ವಿನ್ನನ್ನ ನಾನೂ ಕಲಿಸೀನಿ.

ಹುಡುಗಿ: ಒಂದ ಗದ್ದಿ, ಒಂದ ದಿನದ ಮರಿಯೊಳಗ ಗಟ್ಟಿದ್ದು ಗೆಲ್ಲತೈತಿ, ಒಪ್ಪತೀನಿ. ಆದರ ಈ ವರ್ಷ ಯಾಕ ನಾಕು ಸಾವಿರ, ಆ ವರ್ಷ ಯಾಕ ಎರಡು? ತಾಯಿ ಅದ, ಕೆರಿ ಅದ. ಸೋಮವಾರ ಒಡೆದ ಮೊಟ್ಟಿ ಬದುಕಿತು, ಗುರುವಾರದ್ದು ಸತ್ತಿತು. ಗುರುವಾರದ್ದು ಕೈಲಾಗದ್ದು ಅಂತ ಹೆಂಗ ಅನ್ನೂಣು?

ಕಾಕಾ: ನಮ್ಮ ತಂಗೀನ್ನ ನವಲಗುಂದಕ್ಕ ಕೊಟ್ಟೀವಿ. ಎರಿ ಹೊಲ. ಒಂದು ವರ್ಷ ಅವರು ನಾಕ ದಿನ ಮೊದಲ ಹೆಸರು ಬಿತ್ತಿದ್ರು. ಮೊಳಕಿ ಬಂತು, ಮಳಿ ನಿಂತಿತು, ಎಲ್ಲಾ ಕಮರಿತು. ಬಾಜು ಹೊಲದವ ತಡಾ ಮಾಡಿದವ, ಅವಗ ಬೆಳಿ ಬಂತು. ಊರ ಮಂದಿ ಅವಗ ಶಾಣ್ಯಾ ಅಂದ್ರು, ನಮ್ಮ ಅಳಿಯಗ ಗೇಯಾಕ ಬರಾಂಗಿಲ್ಲ ಅಂದ್ರು. ಸಾಲಾ ಕೇಳಾಕ ಹೋದ ಮನಿಯೊಳಗೂ ಅದ ಮಾತು. ಆ ಮಾತು ಅವನ ಬೆನ್ನು ಮುರೀತು ಮಾಸ್ತರ, ಬೆಳಿ ಹೋಗಿದ್ದಲ್ಲ.

(ಸ್ವಲ್ಪ ಹೊತ್ತು ನೀರಿನ ಸದ್ದಷ್ಟೇ.)

ಮಾಸ್ತರ: ಹಂಗಾರ ಎಲ್ಲಾ ಹಣೆಬರಹ ಅಂದಂಗಾತು. ಲಕ್ಷದಾಗ ತೊಂಬತ್ತಾರು ಸಾವಿರ ಹೆಂಗೂ ಸಾಯತಾವ. ನಾ ಒಂದು ತಾಯಿ ಹಿಡದ್ರ ಏನು ಹೆಚ್ಚು ಕಡಿಮಿ?

ಹುಡುಗಿ: ನಾರ್ವೆಯ ಯೊಹಾನ್ ಯೋರ್ಟ್ ಅನ್ನೋರು 1914ರಾಗ ಒಂದು ಪುಸ್ತಕ ಬರದ್ರು. ಮರದ ಉಂಗುರದಂಗ ಹೆರಿಂಗ್ ಮೀನಿನ ಹುರುಪೆಯೊಳಗ ವಯಸ್ಸು ಓದತಿದ್ರು. 1904ರಾಗ ಹುಟ್ಟಿದ ಮರಿ ಭಾಳ ಉಳದಿದ್ವು. 1910ರಾಗೂ ಬಲಿಗೆ ಬಿದ್ದದ್ದರಾಗ ಮುಕ್ಕಾಲು ಪಾಲು ಅವ. ಒಂದು ವರ್ಷದ ಮರಿ ಅಷ್ಟು ವರ್ಷ ಮಂದೀಗೆ ಅನ್ನ ಹಾಕಿದ್ವು. 1904 ಒಳ್ಳೇ ವರ್ಷ ಆಗತೈತಿ ಅಂತ ಆ ತಾಯಿಗೋಳಿಗೆ ಗೊತ್ತಿರಲಿಲ್ಲ. ಗೊತ್ತಿಲ್ಲಂತನ ಮೀನ ವರ್ಷಾ ವರ್ಷಾ ಮೊಟ್ಟಿ ಇಡತೈತಿ. ಈ ವರ್ಷ ಕೂಳಿಗೆ ಬಿದ್ರ ಮುಂದಿನ ಒಳ್ಳೇ ವರ್ಷಕ್ಕ ಹತ್ತಾಕ ಅದು ಇರಾಂಗಿಲ್ಲ.

ಮಾಸ್ತರ: ಮರಿ ಕೊಂಡು ತಂದು ಬಿಟ್ರಾತು. ಈಗ ಸಿಗತಾವಲ್ಲ.

ಹುಡುಗಿ: ರೋಹು, ಕಾಟ್ಲಾ ಸಿಗತಾವ. ಅವು ನಿಂತ ನೀರಾಗ ಮೊಟ್ಟಿ ಇಡಾಂಗಿಲ್ಲ, ಹರಿಯೋ ಹೊಳಿ ಬೇಕು. 1957ರ ಜುಲೈ 10ಕ್ಕ ಒಡಿಶಾದ ಅಂಗುಲ್‌ನ್ಯಾಗ ಹೀರಾಲಾಲ್ ಚೌಧುರಿ, ಅಲಿಕುಞ್ಞಿ ಗ್ರಂಥಿರಸದ ಸೂಜಿ ಕೊಟ್ಟು ಗೆಂಡಿ ಮೀನ ಮೊಟ್ಟಿ ಇಡೂ ಹಂಗ ಮಾಡಿದ ಮ್ಯಾಲ ಆ ಮರಿ ಸಿಗಾಕ ಹತ್ತಿದ್ವು. ಈ ಗದ್ದಿಗೆ ಹತ್ತೋ ಚೇಳುಮೀನಿಗೆ ಇದ ಹಳ್ಳ, ಇದ ಬದು.

ಕಾಕಾ: ಕರಾವಳ್ಯಾಗ ಜೂನ್ 1ರಿಂದ ಜುಲೈ 31ರ ತನಕ 61 ದಿನ ಯಂತ್ರದ ದೋಣಿ ನಿಂದರತಾವ. ನಾ ಕೇಳೂದು ಮೊದಲ ನಾಕ ದಿನ.

(ಮಾಸ್ತರರು ಕೂಳಿಯನ್ನು ನೀರಿನಿಂದ ಎತ್ತಿ ಬದುವಿಗೆ ಒರಗಿಸುತ್ತಾರೆ.)

ಮಾಸ್ತರ: ಮರಿ ಕೆರಿಗೆ ಇಳಿಯಾಕ ಎಷ್ಟು ದಿನ ಬೇಕು?

ಕಾಕಾ: ಪುನರ್ವಸು ತನಕ ಬದು ಕಟ್ಟಬ್ಯಾಡ್ರಿ.

ಮಾಸ್ತರ: ಅಷ್ಟರಾಗ ಗೊಬ್ಬರ ಹಾಕಬೇಕಲ್ಲೊ.

ಕಾಕಾ: ಗೊಬ್ಬರ ಹಾಕ್ರಿ. ಎಣ್ಣಿ ಹೊಡೀಬ್ಯಾಡ್ರಿ.

ಮಾಸ್ತರ: ಭತ್ತಕ್ಕ ಹುಳ ಬಿದ್ರ?

ಕಾಕಾ: ಬಿದ್ರ ಮೊದಲ ನನ್ನ ಕರೀರಿ. ಇಬ್ಬರೂ ಕೂಡಿ ನೋಡೂಣು.